ಮಾವನ ಆಟೋ ಸ್ಟಾರ್ಟರ್, ಮಂಗಳದ ನೌಕೆ

ಪಾಂಡವಪುರದ ಹತ್ತಿರ ನಮ್ಮ ಮಾವನ ಕಬ್ಬಿನ ಗದ್ದೆ ಇದೆ. ಮೊದಲೆಲ್ಲ ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟ್ ಬಂದರೆ ಅವರು ಬ್ಯಾಟರಿ ಹಿಡಿದು, ಹಾವುಹುಳಕ್ಕೆ ಹೆದರುತ್ತಾ ಪಂಪ್‌ಸೆಟ್ ಹತ್ತಿರ ಹೋಗಬೇಕಿತ್ತು. ಈಗ ಆಟೋ ಸ್ಟಾರ್ಟರ್ ಇದೆ. ಕರೆಂಟ್ ಬಂತು ಅಂತ ಅದು ತಕ್ಷಣ ಮೋಟಾರ್ ಹಾಕುವುದಿಲ್ಲ. ಮೂರೂ ಫೇಸ್ ಇದೆಯಾ, ವೋಲ್ಟೇಜ್ ಸಾಕಾ ಎಂದು ನೋಡುತ್ತದೆ. ಸ್ವಲ್ಪ ಹೊತ್ತು ಕಾದು ಆಮೇಲೆ ಹಾಕುತ್ತದೆ. ಮಾವ ನಿದ್ದೆ ಮಾಡುತ್ತಾರೆ.

ಬಾಹ್ಯಾಕಾಶ ನೌಕೆ ನಡೆಸುವವರದ್ದೂ ಇದೇ ಪಾಡು. ಗದ್ದೆ ಮಾತ್ರ ತುಂಬಾ ದೂರ. ಮಂಗಳಕ್ಕೆ ರೇಡಿಯೋ ಸಂಕೇತ ಹೋಗಿ ಮುಟ್ಟಲು ಅದು ಎಲ್ಲಿದೆ ಎನ್ನುವುದರ ಮೇಲೆ 3ರಿಂದ 22 ನಿಮಿಷ ಬೇಕು. ಎದುರಿಗೆ ಬಂಡೆ ಕಂಡಿತು, ಬ್ರೇಕ್ ಹಾಕು ಅನ್ನುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹಾಗಾಗಿ ಇಂಥ ಗಂಟೆಗೆ ಇಂಥ ಕೆಲಸ ಎಂದು ಪಟ್ಟಿ ಬರೆದು ಮೊದಲೇ ಕಳಿಸಿಬಿಡುತ್ತಾರೆ. 2014ರ ಸೆಪ್ಟೆಂಬರ್ 24ರ ಬೆಳಗ್ಗೆ ನಮ್ಮ ಮಂಗಳಯಾನ ಕಕ್ಷೆ ಸೇರಿದ್ದು ಹೀಗೆ. ಆದೇಶಗಳೆಲ್ಲ ವಾರಕ್ಕೂ ಮೊದಲೇ ನೌಕೆಯ ಹೊಟ್ಟೆ ಸೇರಿದ್ದವು. ಎಂಜಿನ್ ಸುಮಾರು 23 ನಿಮಿಷ ಉರಿಯಿತು. ಆ ನಡುವೆಯೇ ನೌಕೆ ಮಂಗಳದ ಮರೆಗೆ ಹೋಗಿ ಸಂಪರ್ಕ ಕಡಿಯಿತು. ಇಲ್ಲಿದ್ದವರು ಸುಮ್ನೆ ಕಾಯಬೇಕಿತ್ತು, ಅಷ್ಟೇ.

ಪಟ್ಟಿ ಬರೆಯುವುದು ಸುಲಭ ಅನ್ನಿಸಬಹುದು. ಒಂದೇ ಟ್ರ್ಯಾಕ್ಟರ್ ಇರುವ ಊರಿನಲ್ಲಿ ನಾಲ್ಕು ಮನೆಯವರು ಒಟ್ಟಿಗೆ ಉಳುಮೆಗೆ ಕೇಳಿದರೆ ಏನಾಗುತ್ತದೆ ನೋಡಿ. ನೌಕೆಯ ಕ್ಯಾಮೆರಾ ಒಂದು ಕಡೆ ತಿರುಗಬೇಕು. ಆಂಟೆನಾ ಭೂಮಿ ಕಡೆ ಇರಬೇಕು. ಸೌರಫಲಕಕ್ಕೆ ಬಿಸಿಲು ಬೇಕು. ತಿರುಗುವುದಕ್ಕೇ ಸಮಯ ಹಿಡಿಯುತ್ತದೆ. ನೆರಳಿಗೆ ಹೋದಾಗ ಹೀಟರ್ ಬೇಕು, ಆಗಲೇ ಬ್ಯಾಟರಿ ಇಳಿಯುತ್ತದೆ. ತೆಗೆದ ಫೋಟೋ ಕಳಿಸದೆ ಹೊಸದು ತೆಗೆದರೆ ಮೆಮೊರಿ ತುಂಬುತ್ತದೆ. ಮೇಲಿಂದ ಪ್ರತಿ ಉಪಕರಣದ ವಿಜ್ಞಾನಿಗೂ ತನ್ನ ಕೆಲಸವೇ ಮೊದಲಾಗಬೇಕು!

ಪ್ಲ್ಯಾನಿಂಗ್ ಸಾಫ್ಟ್‌ವೇರ್ ಈ ಜಗಳವನ್ನು ಬಿಡಿಸುತ್ತದೆ. ಪ್ರತಿ ಕೆಲಸಕ್ಕೆ ಎಷ್ಟು ಹೊತ್ತು, ಎಷ್ಟು ಕರೆಂಟ್, ಯಾವುದರ ಜೊತೆ ಆಗಿಬರುವುದಿಲ್ಲ ಎಂಬ ನಿಯಮಗಳನ್ನು ಅದಕ್ಕೆ ಕೊಟ್ಟಿರುತ್ತಾರೆ. ಅದು ಕೆಲಸಗಳನ್ನು ಗಡಿಯಾರದ ಮೇಲೆ ಜೋಡಿಸಿ ನೋಡುತ್ತದೆ. ಎಲ್ಲಾದರೂ ಢಿಕ್ಕಿಯಾದರೆ ಒಂದನ್ನು ಆಚೀಚೆ ಸರಿಸುತ್ತದೆ, ಆಗಲಿಲ್ಲ ಅಂದರೆ ಕೈಬಿಡುತ್ತದೆ. ಎಲ್ಲ ಕೂಡಿಬಂದ ಮೇಲೆ ನೌಕೆಗೆ ಅರ್ಥವಾಗುವ ಆದೇಶಗಳ ಸಾಲಾಗಿ ಬರೆದುಕೊಡುತ್ತದೆ. 2004ರಲ್ಲಿ ಮಂಗಳಕ್ಕಿಳಿದ ಸ್ಪಿರಿಟ್, ಆಪರ್ಚುನಿಟಿ ರೋವರ್‌ಗಳ ದಿನದ ಕೆಲಸವನ್ನು ಮ್ಯಾಪ್‌ಜೆನ್ ಎಂಬ ನಾಸಾ ಸಾಫ್ಟ್‌ವೇರ್ ಹೀಗೆ ಹೊಂದಿಸಿಕೊಡುತ್ತಿತ್ತು. ಕೊನೆಯ ಮಾತು ಮನುಷ್ಯರದ್ದೇ.

ಜಾಣತನದಿಂದ ಜೋಡಿಸುವುದನ್ನೇ ಎಲ್ಲರೂ ಹೊಗಳುತ್ತಾರೆ. ನನ್ನ ಕೇಳಿದರೆ ಬೇಸರವಿಲ್ಲದೆ ತಾಳೆ ನೋಡುವುದೇ ಇದರ ದೊಡ್ಡ ಉಪಕಾರ. 1988ರಲ್ಲಿ ಸೋವಿಯತ್ ಒಕ್ಕೂಟದ ಫೋಬೋಸ್ 1 ನೌಕೆಗೆ ಒಂದು ತಪ್ಪು ಆದೇಶ ಹೋಯಿತು. ಒಂದು ಅಕ್ಷರ ಬಿಟ್ಟುಹೋಗಿತ್ತಂತೆ. ನೌಕೆಯನ್ನು ಸರಿಯಾದ ದಿಕ್ಕಿನಲ್ಲಿ ನಿಲ್ಲಿಸುವ ವ್ಯವಸ್ಥೆಯೇ ಬಂದ್ ಆಯಿತು. ಸೌರಫಲಕಗಳು ಸೂರ್ಯನ ಕಡೆಯಿಂದ ತಿರುಗಿದವು, ಬ್ಯಾಟರಿ ಮುಗಿಯಿತು. ನೌಕೆ ಮತ್ತೆ ಮಾತಾಡಲಿಲ್ಲ.

ಗಂಟೆ ನೋಡಿ ಮಾಡುವ ಪಟ್ಟಿಗಿಂತ ಪರಿಸ್ಥಿತಿ ನೋಡಿ ಮಾಡುವ ಪಟ್ಟಿ ಮೇಲು. ಇದೇನು ನಮ್ಮ ಕಡೆಯವರಿಗೆ ಹೊಸತಲ್ಲ. ಕೆಆರ್‌ಎಸ್‌ಗೆ ವಿಶ್ವೇಶ್ವರಯ್ಯನವರು ಹಾಕಿಸಿದ ಸ್ವಯಂಚಾಲಿತ ಗೇಟುಗಳು ನೀರು ಒಂದು ಮಟ್ಟ ಮುಟ್ಟಿದರೆ ತಾವೇ ತೆರೆಯುತ್ತಿದ್ದವು. ಆ ಉಪಾಯವನ್ನು ಅವರು ಮೊದಲು ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಮಾಡಿ ನೋಡಿದ್ದರು. ನೌಕೆಗಳಿಗೆ ತಾವೇ ಪ್ಲ್ಯಾನ್ ಮಾಡುವ ಸ್ವಾತಂತ್ರ್ಯ ಸಿಗಲು 1999 ಬರಬೇಕಾಯಿತು. ಆ ಮೇ ತಿಂಗಳು ನಾಸಾದ ಡೀಪ್ ಸ್ಪೇಸ್ 1 ನೌಕೆಯಲ್ಲಿ ರಿಮೋಟ್ ಏಜೆಂಟ್ ಎಂಬ ಸಾಫ್ಟ್‌ವೇರ್‌ಗೆ ಆದೇಶದ ಬದಲು ಬರೀ ಗುರಿ ಕೊಟ್ಟರು, ದಾರಿಯನ್ನು ಅದೇ ಹುಡುಕಿತು. ಪ್ರಯೋಗದ ಮಧ್ಯೆ ಒಂದು ದೋಷಕ್ಕೆ ಸಿಕ್ಕಿ ನಿಂತೂ ಹೋಗಿತ್ತು, ಅದು ಬೇರೆ ಮಾತು. ಆಮೇಲೆ ಭೂಮಿಯ ಚಿತ್ರ ತೆಗೆಯುವ ನಾಸಾದ ಇಒ-1 ಉಪಗ್ರಹ ವರ್ಷಗಟ್ಟಲೆ, ತಾನು ತೆಗೆದ ಚಿತ್ರದಲ್ಲಿ ಜ್ವಾಲಾಮುಖಿಯ ಬಿಸಿ ಕಂಡರೆ ತಾನೇ ಪ್ಲ್ಯಾನ್ ಬದಲಿಸಿ ಮತ್ತೆ ಅಲ್ಲಿಗೇ ಕಣ್ಣು ಹಾಯಿಸುತ್ತಿತ್ತು. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯುವಾಗಲೂ ಕೊನೆಯ ನಿಮಿಷಗಳ ತೀರ್ಮಾನ ಅದರದ್ದೇ.

ಇದನ್ನೆಲ್ಲ ಮಾವನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಟ್ರಿಪ್ ಆದ್ರೆ ಎದ್ದೋಗಿ ಒತ್ಬೇಕಲ್ಲಪ್ಪ, ಅಲ್ಲಿಗೆ ಯಾವನ್ ಹೋಯ್ತನೆ?"

ಟ್ರಿಪ್ ಆಗುವುದು ಅಲ್ಲೂ ಇದೆ. ಅದಕ್ಕೆ ಸೇಫ್ ಮೋಡ್ ಅನ್ನುತ್ತಾರೆ. ಎಡವಟ್ಟು ಅನ್ನಿಸಿದರೆ ನೌಕೆ ಪಟ್ಟಿ ಬದಿಗಿಡುತ್ತದೆ, ಫಲಕಗಳನ್ನು ಸೂರ್ಯನಿಗೆ ಒಡ್ಡುತ್ತದೆ, ಭೂಮಿಯಿಂದ ಮಾತು ಬರಲಿ ಎಂದು ಕಾಯುತ್ತದೆ. ಆ ಗುಂಡಿ ಒತ್ತುವುದು ಬೆಂಗಳೂರಿನವರು, ಅಲ್ಲೇ ಹತ್ತಿರದ ಬ್ಯಾಲಾಳಿನ 32 ಮೀಟರ್ ಅಗಲದ ಆಂಟೆನಾ ಮೂಲಕ, ಕುಳಿತಲ್ಲಿಂದಲೇ ಅಂದೆ.

"ಅಂಗಾದ್ರೆ ಅವರ್ಗೂ ರಾತ್ರಿ ಪಾಳಿನೇ" ಎಂದು ಮಾವ ಮಗ್ಗುಲು ಬದಲಿಸಿದರು.