ಮೆಕ್‌ಟಾಮಿನೇ ಗೋಲು ಹೊಡೆಯೋದು ಕಲಿತದ್ದು ಇಟಲಿಯಲ್ಲಾ?

ಓದುಗರ ಪ್ರಶ್ನೆ: "ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಇದ್ದಷ್ಟು ದಿನ ಸ್ಕಾಟ್ ಮೆಕ್‌ಟಾಮಿನೇ ಬರೀ ಡಿಫೆನ್ಸಿವ್ ಮಿಡ್‌ಫೀಲ್ಡರ್, ಅಂದರೆ ಡಿಫೆನ್ಸ್‌ನ ಮುಂದೆ ಕಾವಲಿಗೆ ನಿಲ್ಲುವವನು. ಇಟಲಿಯ ನಾಪೊಲಿ ಕ್ಲಬ್‌ಗೆ ಹೋದ ಒಂದೇ ವರ್ಷದಲ್ಲಿ ಲೀಗ್‌ನ ಶ್ರೇಷ್ಠ ಆಟಗಾರ. ಇಟಲಿ ಲೀಗ್ ಅಷ್ಟು ಸುಲಭವಾ, ಇಲ್ಲಾ ಕೋಚ್ ಕಾಂಟೆ ಅವನನ್ನು ಪೂರ್ತಿ ಬದಲಾಯಿಸಿದರಾ?"

ಎರಡೂ ಅಲ್ಲ. ಪ್ರಶ್ನೆಯ ಮೊದಲ ವಾಕ್ಯವೇ ತಪ್ಪು, ಹಾಗಾಗಿ ಅಲ್ಲಿಂದಲೇ ಶುರು ಮಾಡಬೇಕು. ಎಷ್ಟು ಸಲ ಬರೆದರೂ, ನಾಪೊಲಿ ಪರ ಆತ ಒಂದು ಗೋಲು ಹೊಡೆದ ಮರುದಿನ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ವಾದ ಬೇಡ, ಪಂದ್ಯಗಳನ್ನೇ ಮುಂದಿಡುತ್ತೇನೆ.

2020ರ ಮಾರ್ಚ್ 8, ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್, ಎದುರಾಳಿ ಮ್ಯಾಂಚೆಸ್ಟರ್ ಸಿಟಿ. 96ನೇ ನಿಮಿಷದಲ್ಲಿ ಗೋಲ್‌ಕೀಪರ್ ಎಡರ್ಸನ್ ಅವಸರದಲ್ಲಿ ಎಸೆದ ಚೆಂಡು ಮೆಕ್‌ಟಾಮಿನೇ ಕಾಲಿಗೆ ಬಂತು. ನಿಲ್ಲಿಸಲಿಲ್ಲ, ಪಾಸ್ ಹುಡುಕಲಿಲ್ಲ, ದೂರದಿಂದಲೇ ಖಾಲಿ ಗೋಲಿಗೆ ಹೊಡೆದ. ಅದೇ ವರ್ಷ ಡಿಸೆಂಬರ್ 20ರಂದು ಲೀಡ್ಸ್ ವಿರುದ್ಧ ಮೊದಲ ಮೂರು ನಿಮಿಷದೊಳಗೆ ಎರಡು ಗೋಲು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಚರಿತ್ರೆಯಲ್ಲಿ ಅದಕ್ಕೆ ಮುಂಚೆ ಯಾರೂ ಅದನ್ನು ಮಾಡಿರಲಿಲ್ಲ. 2023ರ ಅಕ್ಟೋಬರ್ 7ರಂದು ಬ್ರೆಂಟ್‌ಫರ್ಡ್ ವಿರುದ್ಧ ಯುನೈಟೆಡ್ 0-1 ಹಿಂದಿದ್ದಾಗ ಕೊನೆಗಳಿಗೆಯಲ್ಲಿ ಬದಲಿ ಆಟಗಾರನಾಗಿ ಇಳಿದು, 90 ನಿಮಿಷ ಮುಗಿದ ಮೇಲಿನ ಹೆಚ್ಚುವರಿ ಸಮಯದಲ್ಲಿ ಎರಡು ಗೋಲು ಹೊಡೆದು ಗೆಲ್ಲಿಸಿದ. ಆ ಋತುವಿನಲ್ಲಿ ಎಲ್ಲಾ ಟೂರ್ನಿ ಸೇರಿ 10 ಗೋಲು. ಇವೆಲ್ಲ ನಾಪೊಲಿಗೆ ಹೋಗುವ ಮೊದಲಿನವು.

ಇದಕ್ಕಿಂತ ಗಟ್ಟಿ ಸಾಕ್ಷಿ ಸ್ಕಾಟ್ಲೆಂಡ್ ತಂಡದಲ್ಲಿದೆ. ಪ್ರಶ್ನೆ ಕೇಳುವವರು ಅತ್ತ ನೋಡುವುದೇ ಇಲ್ಲ. 2018ರ ಮಾರ್ಚ್‌ನಲ್ಲಿ ದೇಶದ ಪರ ಮೊದಲ ಪಂದ್ಯ ಆಡಿದ ಮೇಲೆ ಐದು ವರ್ಷ ಆತನ ಲೆಕ್ಕದಲ್ಲಿದ್ದದ್ದು ಒಂದೇ ಗೋಲು, 2021ರಲ್ಲಿ ಇಸ್ರೇಲ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಬಂದದ್ದು. ಆಗೆಲ್ಲ ಕೋಚ್ ಸ್ಟೀವ್ ಕ್ಲಾರ್ಕ್ ಎಷ್ಟೋ ಸಲ ಆತನನ್ನು ಗೋಲಿನ ಮುಂದೆ ಕಾಯುವ ಮೂವರು ಸೆಂಟರ್ ಬ್ಯಾಕ್‌ಗಳ ಸಾಲಿನ ಬಲಬದಿಗೆ ಹಾಕುತ್ತಿದ್ದರು. 2021ರ ಜೂನ್‌ನಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧದ 0-0 ಪಂದ್ಯದಲ್ಲೂ ಆತ ನಿಂತದ್ದು ಅಲ್ಲೇ. 2023ರ ಮಾರ್ಚ್‌ನಲ್ಲಿ ಸೈಪ್ರಸ್ ವಿರುದ್ಧ ಬದಲಿಯಾಗಿ ಮಿಡ್‌ಫೀಲ್ಡ್‌ಗೆ ಬಂದು ಎರಡು ಗೋಲು. ಮೂರು ದಿನ ಬಿಟ್ಟು ಸ್ಕಾಟ್ಲೆಂಡ್ ತಂಡದ ಮೈದಾನ ಹ್ಯಾಂಪ್ಡನ್‌ನಲ್ಲಿ ಸ್ಪೇನ್ ವಿರುದ್ಧ ಮತ್ತೆರಡು, 2-0 ಗೆಲುವು. ಯುರೋಪಿನ ದೇಶಗಳ ಟೂರ್ನಿ ಯೂರೊ 2024ರ ಆ ಅರ್ಹತಾ ಸುತ್ತು ಮುಗಿಯುವಾಗ ಒಟ್ಟು 7 ಗೋಲು. ಕೋಚ್ ಅದೇ ಕ್ಲಾರ್ಕ್, ಆಟಗಾರ ಅದೇ ಮೆಕ್‌ಟಾಮಿನೇ, ಇಟಲಿಯ ಸುಳಿವೇ ಇಲ್ಲ. ಬದಲಾದದ್ದು ಮೈದಾನದಲ್ಲಿ ಆತ ನಿಲ್ಲುವ ಜಾಗ.

ಹಾಗಾದರೆ "ಡಿಫೆನ್ಸಿವ್" ಎಂಬ ಹಣೆಪಟ್ಟಿ ಅಂಟಿದ್ದು ಹೇಗೆ? ಯುನೈಟೆಡ್‌ನಲ್ಲಿ ಕೋಚ್ ಸುಲ್ಶಾರ್ ಕಾಲದಲ್ಲಿ ಆತನನ್ನೂ ಇನ್ನೊಬ್ಬ ಮಿಡ್‌ಫೀಲ್ಡರ್ ಫ್ರೆಡ್‌ನನ್ನೂ ಜೋಡಿಯಾಗಿ ಡಿಫೆನ್ಸ್‌ನ ಮುಂದೆ ನಿಲ್ಲಿಸಿದರು. ಎತ್ತರ 193 ಸೆಂಟಿಮೀಟರ್, ಗಟ್ಟಿಮುಟ್ಟಾದ ದೇಹ, ದಣಿಯದೆ ಓಡುವ ಕಾಲು. ಇಂಥವನನ್ನು ಕಂಡರೆ ಯಾರಿಗಾದರೂ ಕಾವಲಿಗೆ ಹಾಕೋಣ ಅನಿಸುತ್ತದೆ. ಆದರೆ ಆ ಜಾಗದ ಕೆಲಸವೇ ಬೇರೆ. ಸೆಂಟರ್ ಬ್ಯಾಕ್ ಕೊಡುವ ಚೆಂಡನ್ನು ಅಲ್ಲಿ ಎದುರಾಳಿಯ ಗೋಲಿಗೆ ಬೆನ್ನು ಹಾಕಿ ತಗೊಳ್ಳಬೇಕು. ಚೆಂಡು ಕಾಲಿಗೆ ಬರುವ ಮೊದಲೇ ಎರಡೂ ಭುಜದ ಮೇಲಿಂದ ಹಿಂದೆ ನೋಡಿರಬೇಕು, ಮೈಯನ್ನು ಅರ್ಧ ತಿರುಗಿಸಿಟ್ಟಿರಬೇಕು, ಮೊದಲ ಸ್ಪರ್ಶದಲ್ಲೇ ಮುಂದಕ್ಕೆ ತಿರುಗಬೇಕು. ಒಂದು ಕ್ಷಣ ತಡವಾದರೆ ಚೆಂಡು ಎದುರಾಳಿಯ ಪಾಲಾಗುವುದು ನಮ್ಮದೇ ಗೋಲಿನಿಂದ 30 ಮೀಟರ್ ದೂರದಲ್ಲಿ, ಅಡ್ಡ ಬರಲು ಇಬ್ಬರೇ. ಮೆಕ್‌ಟಾಮಿನೇಗೆ ಇದು ಯಾವತ್ತೂ ಒಗ್ಗಲಿಲ್ಲ. ಒತ್ತಡ ಬಂದ ತಕ್ಷಣ ಚೆಂಡನ್ನು ಹಿಂದಕ್ಕೆ ಕೊಡುತ್ತಿದ್ದ, ಅದನ್ನು ನೋಡಿ ಜನ "ಇವನಿಗೆ ಪಾಸ್ ಬರಲ್ಲ" ಎಂದು ತೀರ್ಮಾನಿಸಿದರು. ಅಲ್ಲಿಂದ ಎದುರಾಳಿಯ ಪೆನಾಲ್ಟಿ ಬಾಕ್ಸ್‌ಗೆ 50 ಮೀಟರ್‌ಗಿಂತ ಹೆಚ್ಚು ಓಡಬೇಕು. ಓಡಿದರೆ ಹಿಂದೆ ಜಾಗ ಖಾಲಿ, ಓಡದಿದ್ದರೆ ಗೋಲು ಇಲ್ಲ. ಯುನೈಟೆಡ್ ಪರ 255 ಪಂದ್ಯಕ್ಕೆ 29 ಗೋಲು ಎಂಬ ಅಂಕಿ ತೋರಿಸಿ ವಾದಕ್ಕೆ ಬರುವವರು, ಅದರಲ್ಲಿ ಎಷ್ಟು ಪಂದ್ಯ ಈ ಕಾವಲಿನಲ್ಲೇ ಕಳೆದವು ಅನ್ನುವುದನ್ನೂ ಜೊತೆಗೇ ಲೆಕ್ಕ ಹಾಕಬೇಕು.

ಈಗ ನಾಪೊಲಿ. 2024ರ ಆಗಸ್ಟ್ 30ರಂದು ಆತ ಸಹಿ ಹಾಕಿದ. ಋತುವನ್ನು ಮೂವರು ಸೆಂಟರ್ ಬ್ಯಾಕ್‌ಗಳೊಂದಿಗೆ ಶುರು ಮಾಡಿದ್ದ ಕಾಂಟೆ, ಸೆಪ್ಟೆಂಬರ್‌ನಲ್ಲಿ ಯುವೆಂಟಸ್ ವಿರುದ್ಧ ನಾಲ್ವರ ಡಿಫೆನ್ಸ್‌ಗೆ ಬದಲಾಯಿಸಿ ಆತನನ್ನು ಆಡಿಸಿದರು. ಮಿಡ್‌ಫೀಲ್ಡ್‌ನಲ್ಲಿ ಎಡಗಡೆ, ಮುಂದೆ ಹೋಗುವ ಪರವಾನಗಿ ಸಮೇತ. ಹಿಂದಿನಿಂದ ಚೆಂಡು ತಗೊಳ್ಳುವ ಕೆಲಸ ಇನ್ನೊಬ್ಬ ಮಿಡ್‌ಫೀಲ್ಡರ್ ಲೊಬೊಟ್ಕಾದು. ಮುಂದೆ ಸ್ಟ್ರೈಕರ್ ಲುಕಾಕು ಗೋಲಿಗೆ ಬೆನ್ನು ಕೊಟ್ಟು ಸೆಂಟರ್ ಬ್ಯಾಕ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತಿದ್ದ. ಎಡಬದಿಯಲ್ಲಿ ಮುಂದೆ ಆಡುವ ವಿಂಗರ್ ಮೈದಾನದ ಪಕ್ಕದ ಗೆರೆಗೆ ಅಂಟಿ ನಿಂತರೆ ಎದುರಾಳಿಯ ಬಲ ಡಿಫೆಂಡರ್ ಅತ್ತ ಹೋಗಲೇಬೇಕು. ಅವನಿಗೂ ಸೆಂಟರ್ ಬ್ಯಾಕ್‌ಗೂ ನಡುವೆ ಬಿರುಕು ಬಿಡುತ್ತದೆ, ಮೆಕ್‌ಟಾಮಿನೇ ನುಗ್ಗುವುದು ಅಲ್ಲಿಗೆ.

ಮುಂದಿನ ಪಂದ್ಯದಲ್ಲಿ ಚೆಂಡನ್ನು ಬಿಟ್ಟು ಆತನನ್ನು ಮಾತ್ರ ನೋಡಿ. ಚೆಂಡು ಬಲಬದಿಯಲ್ಲಿ ವಿಂಗರ್ ಪೊಲಿಟಾನೊ ಬಳಿ ಇರುವಾಗ ಆತ ಬಾಕ್ಸ್‌ನ ಹೊರಗೆ, ತನ್ನನ್ನು ಕಾಯುವ ಎದುರಾಳಿಯ (ಮಾರ್ಕರ್) ಬೆನ್ನ ಹಿಂದೆ ಸುಮ್ಮನೆ ನಿಂತಿರುತ್ತಾನೆ. ಮಾರ್ಕರ್‌ಗೆ ಚೆಂಡನ್ನೂ ಆತನನ್ನೂ ಒಟ್ಟಿಗೆ ನೋಡಲು ಆಗುವುದಿಲ್ಲ. ಬದಿಯಿಂದ ಬಾಕ್ಸ್‌ಗೆ ಚೆಂಡು ಹಾಯಿಸುವವನು, ಅಂದರೆ ಕ್ರಾಸ್ ಕೊಡುವವನು, ತಲೆ ಎತ್ತಿದ ಮೇಲೆಯೇ ಓಟ ಶುರು. ಅದಕ್ಕೂ ಮೊದಲೇ ಹೋದರೆ ಬಾಕ್ಸ್‌ನಲ್ಲಿ ನಿಂತು ಕಾಯಬೇಕಾಗುತ್ತದೆ, ಆಗ ಯಾವ ಡಿಫೆಂಡರ್ ಬೇಕಾದರೂ ಹಿಡಿಯಬಹುದು. ಹೊಸಬರು ಎಡವುವುದು ಇಲ್ಲೇ. ಗೋಲು ಹೊಡೆಯುವ ಆಸೆಗೆ ಬೇಗ ಓಡಿಬಿಡುತ್ತಾರೆ. ಡಿಫೆಂಡರ್‌ಗಳು ಗೋಲಿನ ಕಡೆ ಹಿಂದೆ ಸರಿದಷ್ಟೂ ಪೆನಾಲ್ಟಿ ಚುಕ್ಕೆಯ ಸುತ್ತ ಜಾಗ ಬಿಡುಗಡೆಯಾಗುತ್ತದೆ. ಸ್ಪೇನ್ ವಿರುದ್ಧದ ಮೊದಲ ಗೋಲು ಇಂಥದ್ದೇ. ಸ್ಪೇನ್‌ನ ಪೊರೊ ಜಾರಿದ, ಸ್ಕಾಟ್ಲೆಂಡಿನ ರಾಬರ್ಟ್‌ಸನ್ ಚೆಂಡು ಕಸಿದು ಹಿಂದಕ್ಕೆ ಕೊಟ್ಟ, ಮೆಕ್‌ಟಾಮಿನೇ ಆಗಲೇ ಬಂದು ತಲುಪಿದ್ದ.

ಇಟಲಿ ಲೀಗ್ ಸುಲಭ ಅನ್ನುವವರಿಗೆ ಒಂದೇ ಲೆಕ್ಕ ಸಾಕು. 2024-25ರಲ್ಲಿ ಚಾಂಪಿಯನ್ ಆದ ನಾಪೊಲಿ 38 ಪಂದ್ಯಗಳಲ್ಲಿ ಹೊಡೆದದ್ದು 59 ಗೋಲು ಮಾತ್ರ. ಎರಡನೇ ಸ್ಥಾನದ ಇಂಟರ್‌ಗಿಂತ ಒಂದೇ ಅಂಕ ಹೆಚ್ಚು, 82ಕ್ಕೆ 81. ಅಷ್ಟು ಬಿಗಿಯಾದ ಋತುವಿನಲ್ಲಿ 12 ಗೋಲು ಈ ಮಿಡ್‌ಫೀಲ್ಡರ್‌ನವು. ಏಪ್ರಿಲ್‌ನಲ್ಲಿ ಎಂಪೊಲಿ ವಿರುದ್ಧ ಎರಡು, ಮೊಂಜಾ ವಿರುದ್ಧ ಪಂದ್ಯದ ಏಕೈಕ ಗೋಲು, ಟೊರಿನೊ ವಿರುದ್ಧ ಎರಡು. ಮೇ 23ರಂದು ಕಾಲ್ಯಾರಿ ವಿರುದ್ಧ ಪ್ರಶಸ್ತಿ ತೀರ್ಮಾನವಾದ ದಿನ ಪೊಲಿಟಾನೊ ಕೊಟ್ಟ ಕ್ರಾಸ್‌ಗೆ ಗಾಳಿಯಲ್ಲೇ ಕಾಲು ಚಾಚಿ ಮೊದಲ ಗೋಲು ಹೊಡೆದವನೂ ಆತನೇ. ಕಾಂಟೆಗೆ ಸಲ್ಲಬೇಕಾದ ಶ್ರೇಯಸ್ಸು ದೊಡ್ಡದು, ಒಪ್ಪುತ್ತೇನೆ. ಆದರೆ ಅದು ಆಟಗಾರನನ್ನು ಬದಲಾಯಿಸಿದ್ದಕ್ಕಲ್ಲ. ಇದ್ದ ಆಟಗಾರನನ್ನು ಸರಿಯಾಗಿ ನೋಡಿ, ಅವನಿಗೆ ತಕ್ಕಂತೆ ತಂಡ ಕಟ್ಟಿದ್ದಕ್ಕೆ. 2025ರ ನವೆಂಬರ್‌ನಲ್ಲಿ ಹ್ಯಾಂಪ್ಡನ್‌ನಲ್ಲಿ ಡೆನ್ಮಾರ್ಕ್ ವಿರುದ್ಧ ಮೂರನೇ ನಿಮಿಷದಲ್ಲಿ ಗಾಳಿಯಲ್ಲಿ ಹಿಮ್ಮುಖವಾಗಿ ಹಾರಿ ಹೊಡೆದ ಬೈಸಿಕಲ್ ಕಿಕ್ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. 4-2ರಿಂದ ಗೆದ್ದ ಸ್ಕಾಟ್ಲೆಂಡ್ 1998ರ ನಂತರ ಮೊದಲ ಸಲ ವಿಶ್ವಕಪ್‌ಗೆ ಅರ್ಹತೆ ಪಡೆಯಿತು.

ಇಷ್ಟು ಒಳ್ಳೆಯ ಆಟಗಾರನನ್ನು ಯುನೈಟೆಡ್ ಮಾರಿದ್ದೇಕೆ ಎಂದು ಯಾರೂ ಕೇಳಲಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ ಇದು. 2024ರಲ್ಲಿ ಇದ್ದ ಪ್ರೀಮಿಯರ್ ಲೀಗ್ ನಿಯಮದ ಪ್ರಕಾರ ಒಂದು ಕ್ಲಬ್ ಮೂರು ವರ್ಷದಲ್ಲಿ ತೋರಿಸಬಹುದಾಗಿದ್ದ ನಷ್ಟ ಹೆಚ್ಚೆಂದರೆ 10.5 ಕೋಟಿ ಪೌಂಡ್. 5 ಕೋಟಿ ಕೊಟ್ಟು ಐದು ವರ್ಷದ ಕರಾರಿಗೆ ಒಬ್ಬನನ್ನು ತಂದರೆ ಲೆಕ್ಕದ ಪುಸ್ತಕದಲ್ಲಿ ಆ ಹಣ ಐದು ವರ್ಷಕ್ಕೂ ಹಂಚಿ ವರ್ಷಕ್ಕೆ 1 ಕೋಟಿ ಖರ್ಚು. ಎರಡು ವರ್ಷದ ನಂತರ ಅವನ ಬೆಲೆ ಪುಸ್ತಕದಲ್ಲಿ 3 ಕೋಟಿ. ಆಗ ಅವನನ್ನು 4 ಕೋಟಿಗೆ ಮಾರಿದರೂ ಲಾಭ 1 ಕೋಟಿಯಷ್ಟೇ. ಮೆಕ್‌ಟಾಮಿನೇ ಚಿಕ್ಕ ಹುಡುಗನಾಗಿದ್ದಾಗಲೇ ಯುನೈಟೆಡ್ ಅಕಾಡೆಮಿ ಸೇರಿದವನು, ಪುಸ್ತಕದಲ್ಲಿ ಅವನ ಬೆಲೆ ಸೊನ್ನೆ. ನಾಪೊಲಿ ಕೊಟ್ಟ ಸುಮಾರು 2.5 ಕೋಟಿ ಪೌಂಡ್ ಇಡಿಯಾಗಿ ಲಾಭದ ಕಾಲಂಗೆ ಹೋಗುತ್ತದೆ. ಅದೇ ಆಗಸ್ಟ್‌ನಲ್ಲಿ ಚೆಲ್ಸಿ ತಾನೇ ಬೆಳೆಸಿದ ಕಾನರ್ ಗ್ಯಾಲಗರ್‌ನನ್ನು ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಕೊಟ್ಟಾಗಲೂ ಪುಸ್ತಕದಲ್ಲಿ ನಡೆದದ್ದು ಇದೇ ಲೆಕ್ಕ. ಈ ನಿಯಮ ಇದ್ದಷ್ಟು ಕಾಲ ಪ್ರತಿ ಆಗಸ್ಟ್ ಕೊನೆಗೆ ಮಾರಾಟದ ಪಟ್ಟಿಯಲ್ಲಿ ಮೊದಲು ಕೇಳಿಬರುತ್ತಿದ್ದದ್ದು ಅಕಾಡೆಮಿಯ ಹುಡುಗರ ಹೆಸರೇ.