ನಿಂತರೆ ಓಡುವ ನಾಡಿ: ಹಾಸಿಗೆಗೂ ಕವಾಯತಿಗೂ ನಡುವೆ ಬೆಳೆದ ಒಂದು ಚಿಕಿತ್ಸೆ

ಹುಬ್ಬಳ್ಳಿ-ಧಾರವಾಡದ ಓಣಿಗಳ ಸಣ್ಣ ದವಾಖಾನೆಗಳಲ್ಲಿ, ಗದಗ ಮತ್ತು ಹಾವೇರಿ ಜಿಲ್ಲೆಗಳ ಹಳ್ಳಿಗಳಲ್ಲಿ ಈ ದೃಶ್ಯ ಹೊಸದಲ್ಲ. ಹದಿನೆಂಟು-ಇಪ್ಪತ್ತರ ಮಗಳನ್ನು ತಾಯಿ ಕರೆತಂದು, "ನಿಂತ್ರ ಸಾಕ್ರೀ ಡಾಕ್ಟರ, ತಲಿ ಗಿರ್ ಅಂತದಂತ, ಎದಿ ದಡದಡ ಹೊಡ್ಕೋತದಂತ, ಕಣ್ಣಿಗೆ ಕತ್ತಲಿ ಬರ್ತದಂತ" ಎಂದು ಹೇಳುತ್ತಾಳೆ. ವೈದ್ಯರು ಹುಡುಗಿಯನ್ನು ಕೂಡಿಸಿ ಬಿಪಿ ನೋಡುತ್ತಾರೆ. ಅದು ಸರಿಯಾಗಿಯೇ ಇರುತ್ತದೆ. ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಇರಬಹುದೆಂದು ಕಬ್ಬಿಣದ ಮಾತ್ರೆ ಬರೆದು, ಒಂದು ಸಲಾಯಿನ್ ಹಚ್ಚಿ ಕಳಿಸುತ್ತಾರೆ. ಎರಡು ತಾಸು ಮಲಗಿ ಬಾಟಲಿ ಮುಗಿಸಿಕೊಂಡು ಎದ್ದ ಹುಡುಗಿಗೆ ನಿಜವಾಗಿಯೂ ಹಗುರವೆನಿಸುತ್ತದೆ. ಒಂದೆರಡು ದಿನ ಕಳೆಯುವಷ್ಟರಲ್ಲಿ ಅದೇ ಗಿರ್, ಅದೇ ದಡದಡ.

ಹೀಗೆ ಬರುವವರಲ್ಲಿ ಹೆಚ್ಚಿನವರಿಗೆ ರಕ್ತಹೀನತೆ, ಥೈರಾಯ್ಡ್ ತೊಂದರೆ, ಜ್ವರದ ನಂತರದ ನಿಶ್ಶಕ್ತಿ ಅಥವಾ ಸರಿಯಾಗಿ ಉಣ್ಣದಿರುವುದೇ ಕಾರಣವಾಗಿರಬಹುದು. ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇರುವ ರಾಜ್ಯದಲ್ಲಿ ವೈದ್ಯರ ಮೊದಲ ಅನುಮಾನ ಅತ್ತ ಹೋಗುವುದು ತಪ್ಪೂ ಅಲ್ಲ. ಆದರೆ ಹಿಮೋಗ್ಲೋಬಿನ್ ಸರಿಯಿದ್ದು, ಥೈರಾಯ್ಡ್ ಸರಿಯಿದ್ದು, ಇಸಿಜಿಯೂ ಸರಿಯಿದ್ದು, ನಿಂತಾಗ ಮಾತ್ರ ನಾಡಿ ಹುಚ್ಚೆದ್ದು ಓಡುವ ಕೆಲವರು ಉಳಿಯುತ್ತಾರೆ. ಅವರ ತೊಂದರೆಗೆ ಪೋಸ್ಚುರಲ್ ಆರ್ಥೋಸ್ಟ್ಯಾಟಿಕ್ ಟ್ಯಾಕಿಕಾರ್ಡಿಯಾ ಸಿಂಡ್ರೋಮ್, ಸಂಕ್ಷೇಪವಾಗಿ ಪಾಟ್ಸ್, ಎಂಬ ಹೆಸರಿದೆ. ಮಲಗಿದ್ದವರು ಎದ್ದು ನಿಂತ ಹತ್ತು ನಿಮಿಷದೊಳಗೆ ನಾಡಿ ಬಡಿತ ನಿಮಿಷಕ್ಕೆ 30ರಷ್ಟಾದರೂ ಏರಬೇಕು, 12ರಿಂದ 19ರ ವಯಸ್ಸಿನವರಲ್ಲಾದರೆ 40ರಷ್ಟು ಏರಬೇಕು. ಆಗ ರಕ್ತದೊತ್ತಡ ಹೇಳಿಕೊಳ್ಳುವಷ್ಟು ಕುಸಿದಿರಬಾರದು. ತೊಂದರೆ ತಿಂಗಳುಗಟ್ಟಲೆ ಇದ್ದಿರಬೇಕು. ಬೇರೆ ಕಾರಣ ಸಿಕ್ಕಿರಬಾರದು. ಇದು ಈಗ ಒಪ್ಪಿತವಾಗಿರುವ ಅಳತೆ.

ನಾವು ಎದ್ದು ನಿಂತಾಗ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರಿನಷ್ಟು ರಕ್ತ ಹೊಟ್ಟೆ ಮತ್ತು ಕಾಲುಗಳ ಕಡೆ ಇಳಿಯುತ್ತದೆ. ನರಮಂಡಲ ಕ್ಷಣಾರ್ಧದಲ್ಲಿ ರಕ್ತನಾಳಗಳನ್ನು ಬಿಗಿಗೊಳಿಸಿ, ಕಾಲಿನ ಸ್ನಾಯುಗಳ ನೆರವಿನಿಂದ ಆ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಪಾಟ್ಸ್ ಇರುವವರಲ್ಲಿ ಈ ಏರ್ಪಾಡು ಎಲ್ಲೋ ಒಂದು ಕಡೆ ಸಡಿಲವಾಗಿರುತ್ತದೆ: ಕೆಲವರಲ್ಲಿ ಕಾಲಿನ ನರಗಳು ನಾಳಗಳನ್ನು ಸಾಕಷ್ಟು ಬಿಗಿಯುವುದಿಲ್ಲ, ಕೆಲವರಲ್ಲಿ ಒಟ್ಟು ರಕ್ತದ ಪ್ರಮಾಣವೇ ಕಡಿಮೆ ಇರುತ್ತದೆ, ಕೆಲವರಲ್ಲಿ ನಾಡಿಯನ್ನು ಓಡಿಸುವ ನಾರ್‌ಎಪಿನೆಫ್ರಿನ್ ಎಂಬ ರಾಸಾಯನಿಕ ಅತಿಯಾಗಿ ಹರಿಯುತ್ತದೆ. ಮೇಲೆ ಬರುವ ರಕ್ತ ಕಡಿಮೆಯಾದಾಗ ಹೃದಯ ಆ ಕೊರತೆಯನ್ನು ಬಡಿತದ ಸಂಖ್ಯೆಯಿಂದ ತುಂಬಿಸಲು ನೋಡುತ್ತದೆ. ಸಲಾಯಿನ್ ಕೆಲಸ ಮಾಡಿದ್ದೂ ಈ ಕಾರಣಕ್ಕೇ. ನಾಳದೊಳಗೆ ದ್ರವ ಹೆಚ್ಚಿಸಿದರೆ ನಿಂತಾಗಿನ ನಾಡಿ ಇಳಿಯುತ್ತದೆಂದು ಅಮೆರಿಕದ ಸಂಶೋಧಕರು 1997ರಲ್ಲೇ ತೋರಿಸಿದ್ದರು. ಆದ್ದರಿಂದ ನಮ್ಮ ಕಡೆಯ ದವಾಖಾನೆಯ ಬಾಟಲಿಯನ್ನು ಬರೀ ಮೂಢನಂಬಿಕೆ ಎಂದು ನಗುವಂತಿಲ್ಲ. ಆದರೆ ಆ ನೀರು ದೇಹದಲ್ಲಿ ನಿಲ್ಲುವುದಿಲ್ಲ. ರೋಗ ತೀರಾ ಉಲ್ಬಣಿಸಿದಾಗ ಅಲ್ಪಕಾಲಕ್ಕೆ ಮಾತ್ರ ಸಲಾಯಿನ್ ಕೊಡಬಹುದು, ರೂಢಿಯಾಗಿ ಮತ್ತೆ ಮತ್ತೆ ಹಚ್ಚಬಾರದು ಎಂಬುದು 2015ರ ಹೃದಯಲಯ ತಜ್ಞರ ಒಮ್ಮತದ ಸಲಹೆ. ಬಾಟಲಿ ಇಲ್ಲದೆ ಅದೇ ಪರಿಣಾಮವನ್ನು ದೇಹ ತಾನೇ ಉಳಿಸಿಕೊಳ್ಳುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆಯಿಂದ ಪುನಶ್ಚೇತನದ ಕೆಲಸ ಆರಂಭವಾಗುತ್ತದೆ, ಆ ಪ್ರಶ್ನೆಗಾದರೋ ನೂರೈವತ್ತು ವರ್ಷದ ಹಿನ್ನೆಲೆಯಿದೆ.

ಅಮೆರಿಕದ ಅಂತರ್ಯುದ್ಧದ ಸೈನಿಕರನ್ನು ನೋಡಿಕೊಳ್ಳುತ್ತಿದ್ದ ಫಿಲಡೆಲ್ಫಿಯಾದ ವೈದ್ಯ ಜೇಕಬ್ ಮೆಂಡಿಸ್ ಡಾ ಕೋಸ್ಟಾ, ಎದೆ ಬಡಿತ, ತಲೆಸುತ್ತು, ದಣಿವು ಎಂದು ಬರುತ್ತಿದ್ದ ಸುಮಾರು 300 ಜನರ ವಿವರಗಳನ್ನು 1871ರಲ್ಲಿ ಪ್ರಕಟಿಸಿದರು. ಅದನ್ನು ಅವರು ಕೆರಳಿದ ಹೃದಯ ಎಂದು ಕರೆದರು. ದೇಹದ ಭಂಗಿ ಬದಲಾದರೆ ನಾಡಿಯೂ ಬದಲಾಗುತ್ತದೆ ಎಂಬುದನ್ನು ಅವರು ಆಗಲೇ ಬರೆದಿಟ್ಟಿದ್ದರು. ಔಷಧವಾಗಿ ಡಿಜಿಟಾಲಿಸ್, ಅದರ ಜೊತೆಗೆ ವಿಶ್ರಾಂತಿ ಅವರ ಚಿಕಿತ್ಸೆಯಾಗಿತ್ತು. ಅವರು ನೋಡಿದವರೆಲ್ಲರಿಗೂ ಇಂದಿನ ಪಾಟ್ಸ್ ಇತ್ತೆಂದು ಹೇಳುವುದು ಅತಿಯಾದೀತು, ಆದರೆ ಅವರಲ್ಲಿ ಕೆಲವರು ಇಂದು ಬಂದಿದ್ದರೆ ಅದೇ ಹೆಸರು ಪಡೆಯುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಮೊದಲ ಮಹಾಯುದ್ಧದ ಹೊತ್ತಿಗೆ ತಕ್ಕಡಿ ಇನ್ನೊಂದು ಕಡೆ ವಾಲಿತು. ಬ್ರಿಟನ್ನಿನ ಹೃದ್ರೋಗ ತಜ್ಞ ಥಾಮಸ್ ಲೂಯಿಸ್ ಇದನ್ನು ಶ್ರಮದ ಸಿಂಡ್ರೋಮ್ ಎಂದು ಕರೆದು, ಇಂಥ ಸೈನಿಕರನ್ನು ತಿಂಗಳುಗಟ್ಟಲೆ ಹಾಸಿಗೆಯಲ್ಲಿಡುವ ಬದಲು ಹಂತಹಂತವಾದ ಕವಾಯತಿಗೆ ಹಚ್ಚಿದರು. ಯಾರು ಎಷ್ಟು ಕವಾಯತು ತಾಳಬಲ್ಲರು ಎಂಬುದರ ಮೇಲೆ ಅವರನ್ನು ಬೇರೆ ಬೇರೆ ದರ್ಜೆಗೆ ಸೇರಿಸಲಾಗುತ್ತಿತ್ತು, ಕೆಲವರು ಸೇವೆಗೆ ಮರಳುತ್ತಿದ್ದರು. ವ್ಯಾಯಾಮವನ್ನು ಔಷಧದಂತೆ ಪ್ರಮಾಣ ನೋಡಿ ಕೊಡುವ ಕಲ್ಪನೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಾಣದಿರುವುದು ಭಂಗಿಯ ವಿಚಾರ. ಕವಾಯತು ಎಂದರೆ ನಿಂತೇ ಮಾಡಬೇಕಾದದ್ದು.

ಭಂಗಿಯನ್ನೇ ಹಿಡಿದು ಹೊರಟ ಪ್ರಯತ್ನ ಬಂದದ್ದು 1940ರಲ್ಲಿ, ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯ ವೈದ್ಯರಾದ ಮ್ಯಾಕ್ಲೀನ್ ಮತ್ತು ಆ್ಯಲನ್ ಅವರಿಂದ. ನಿಂತಾಗ ಬಿಪಿ ಇಳಿಯುವ ಮತ್ತು ನಾಡಿ ಏರುವ ರೋಗಿಗಳನ್ನು ಅವರು ತಲೆಯ ಕಡೆ ಎತ್ತರಿಸಿದ ಮಂಚದ ಮೇಲೆ ಮಲಗಿಸಿದರು. ರಾತ್ರಿಯಿಡೀ ಸಪಾಟಾಗಿ ಮಲಗಿದರೆ ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹೆಚ್ಚಾಗಿ ಹೊರಹಾಕುತ್ತದೆ, ತಲೆ ಎತ್ತರದಲ್ಲಿದ್ದರೆ ಅದು ಹಿಡಿದಿಟ್ಟುಕೊಳ್ಳುತ್ತದೆ. ಮಂಚದ ತಲೆಕಡೆಯ ಎರಡು ಕಾಲುಗಳ ಕೆಳಗೆ ಇಟ್ಟಿಗೆ ಇಡುವ ಸಲಹೆ ಇಂದಿಗೂ ಚಾಲ್ತಿಯಲ್ಲಿದೆ. ಇಷ್ಟು ಅಗ್ಗದ ಚಿಕಿತ್ಸೆ ವೈದ್ಯಕೀಯದಲ್ಲಿ ಅಪರೂಪ. ದಿಂಬು ಏರಿಸಿದರೆ ಕತ್ತು ಮಾತ್ರ ಮಡಿಚಿಕೊಳ್ಳುತ್ತದೆ, ಅದು ಇದಕ್ಕೆ ಸಾಟಿಯಲ್ಲ.

ಹಾಸಿಗೆ ಎಷ್ಟು ಅಪಾಯಕಾರಿ ಎಂಬುದು ಅಳತೆಗೆ ಸಿಕ್ಕಿದ್ದು 1966ರಲ್ಲಿ. ಅಮೆರಿಕದ ಡಲ್ಲಾಸ್ ನಗರದಲ್ಲಿ 20 ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಮಲಗಿಸಿಯೇ ಇಟ್ಟಾಗ, ಅವರ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಕಾಲುಭಾಗಕ್ಕೂ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮುಪ್ಪು ಮೂರು ದಶಕಗಳಲ್ಲಿ ಮಾಡಿದ್ದಕ್ಕಿಂತ ಹೆಚ್ಚಿನ ಹಾನಿಯನ್ನು ಆ ಮೂರು ವಾರದ ಹಾಸಿಗೆ ಮಾಡಿತ್ತೆಂದು ಕಂಡುಬಂತು. ತೂಕವಿಲ್ಲದ ಆಕಾಶದಿಂದ ಇಳಿದ ಗಗನಯಾತ್ರಿಗಳೂ ಭೂಮಿಯ ಮೇಲೆ ನಿಲ್ಲಲಾರದೆ ತಲೆಸುತ್ತು ಅನುಭವಿಸುತ್ತಿದ್ದರು. ಡಲ್ಲಾಸಿನಲ್ಲಿ ಈ ಎರಡೂ ಬಗೆಯ ಸಂಶೋಧನೆಯ ನೆರಳಲ್ಲಿ ಬೆಳೆದ ಬೆಂಜಮಿನ್ ಲಿವೈನ್ ಅವರ ತಂಡವೇ ಮುಂದೆ ಪಾಟ್ಸ್‌ನ ವ್ಯಾಯಾಮ ಕ್ರಮವನ್ನು ರೂಪಿಸಿತು.

ಅಷ್ಟರಲ್ಲಿ 1993ರಲ್ಲಿ ಶಾಂಡಾರ್ಫ್ ಮತ್ತು ಫಿಲಿಪ್ ಲೋ ಬರೆದ ಪ್ರಬಂಧದಿಂದ ರೋಗಕ್ಕೆ ಈಗಿನ ಹೆಸರು ನೆಲೆಯೂರಿತ್ತು. 2010ರಲ್ಲಿ ಚೀ ಫೂ ಮತ್ತು ಲಿವೈನ್ ಅವರ ತಂಡ, ಪಾಟ್ಸ್ ರೋಗಿಗಳ ಹೃದಯ ಗಾತ್ರದಲ್ಲಿ ಚಿಕ್ಕದಾಗಿರುತ್ತದೆ, ರಕ್ತದ ಪ್ರಮಾಣವೂ ಕಡಿಮೆಯಿರುತ್ತದೆ, ಮೂರು ತಿಂಗಳ ತರಬೇತಿಯಿಂದ ಎರಡೂ ಸುಧಾರಿಸುತ್ತವೆ ಎಂದು ವರದಿ ಮಾಡಿತು. ತರಬೇತಿ ಪೂರೈಸಿದ 19 ಜನರಲ್ಲಿ 10 ಜನ ಪಾಟ್ಸ್‌ನ ಅಳತೆಯಿಂದಲೇ ಹೊರಬಂದಿದ್ದರು. ಆ ತರಬೇತಿಯ ವಿಶೇಷವೆಂದರೆ ಅದು ನಿಲ್ಲುವುದರಿಂದ ಶುರುವಾಗುತ್ತಿರಲಿಲ್ಲ. ಹಿಂದಕ್ಕೆ ಒರಗಿ ಕುಳಿತು ತುಳಿಯುವ ಸೈಕಲ್ಲು, ದೋಣಿಗೆ ಹುಟ್ಟು ಹಾಕಿದಂತೆ ಎಳೆಯುವ ಯಂತ್ರ, ಈಜು: ವಾರಕ್ಕೆ ಎರಡರಿಂದ ನಾಲ್ಕು ಸಲ, ಅರ್ಧ ಅಥವಾ ಮುಕ್ಕಾಲು ತಾಸು. ಲೂಯಿಸರ ಪ್ರಮಾಣಬದ್ಧ ವ್ಯಾಯಾಮ ಮತ್ತು ಮ್ಯಾಕ್ಲೀನರ ಭಂಗಿಯ ಎಚ್ಚರ ಇಲ್ಲಿ ಒಂದಾದವು. ಮಲಗಿರುವ ರೋಗಿಯನ್ನು ಎಬ್ಬಿಸಿ ಓಡಿಸುವ ಬದಲು, ಒರಗಿದಲ್ಲಿಯೇ ಹೃದಯಕ್ಕೆ ಕೆಲಸ ಕೊಟ್ಟು, ವಾರಗಳ ನಂತರ ನೆಟ್ಟಗೆ ಕೂಡಿಸಿ, ಆಮೇಲಷ್ಟೇ ನಡೆಸುವುದು ಅದರ ಕ್ರಮವಾಗಿತ್ತು.

ಪ್ರಯೋಗಾಲಯದ ಹೊರಗೆ ಇದು ನಡೆಯುತ್ತದೆಯೇ ಎಂದು ನೋಡಿದ ವರದಿ 2016ರಲ್ಲಿ ಬಂತು. ರೋಗಿಗಳು ತಮ್ಮ ಊರಿನಲ್ಲೇ, ತಮ್ಮ ವೈದ್ಯರ ನೋಟದಲ್ಲೇ ಮಾಡಿದ ಈ ತರಬೇತಿಯಲ್ಲಿ, ಪೂರೈಸಿದವರ ಪೈಕಿ 71 ಪ್ರತಿಶತ ಜನ ಪಾಟ್ಸ್‌ನಿಂದ ಹೊರಬಂದರು. ಸುದ್ದಿಯಾದದ್ದು ಈ ಅಂಕಿ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಇನ್ನೊಂದು: ಸೇರಿದವರು 251, ಪೂರೈಸಿದವರು 103. ಬಿಟ್ಟವರೆಲ್ಲ ಸೋಮಾರಿಗಳಾಗಿದ್ದರೆಂದು ಯಾರೂ ಹೇಳಲಾರರು. ಮೊದಲ ಕೆಲವು ವಾರಗಳಲ್ಲಿ ಲಕ್ಷಣಗಳು ಹೆಚ್ಚಾಗುವುದು ಸಾಮಾನ್ಯ, ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು ಪ್ರಮಾಣವನ್ನು ಇಳಿಸಿ ಏರಿಸಿ ನೋಡುವವರು ಬೇಕಾಗುತ್ತಾರೆ. ಫಿಸಿಯೋಥೆರಪಿಸ್ಟರ ಅಗತ್ಯ ಹುಟ್ಟುವುದು ಈ 148 ಜನರಿಂದ.

ಕೋವಿಡ್ ಈ ಚಿತ್ರವನ್ನು ಇನ್ನಷ್ಟು ಜಟಿಲಗೊಳಿಸಿತು. ಸೋಂಕಿನ ನಂತರ ಪಾಟ್ಸ್ ಕಾಣಿಸಿಕೊಳ್ಳುವುದು ಮೊದಲೂ ಗೊತ್ತಿತ್ತು, 2020ರ ನಂತರ ಅದು ಹೆಚ್ಚು ಕಣ್ಣಿಗೆ ಬಿತ್ತು. ಇಂಥವರಲ್ಲಿ ಕೆಲವರಿಗೆ ಶ್ರಮಪಟ್ಟ ಮರುದಿನವೋ ಅದರ ಮರುದಿನವೋ ಮೈಯೆಲ್ಲ ನೆಲಕಚ್ಚುವ ಲಕ್ಷಣವಿರುತ್ತದೆ. ಇದೇ ಲಕ್ಷಣ ಮುಖ್ಯವಾಗಿರುವ ದೀರ್ಘಕಾಲಿಕ ಬಳಲಿಕೆಯ ರೋಗಕ್ಕೆ ನಿಗದಿತ ಪ್ರಮಾಣದಲ್ಲಿ ಏರಿಸುತ್ತಲೇ ಹೋಗುವ ವ್ಯಾಯಾಮವನ್ನು ಕೊಡಬಾರದೆಂದು ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಮಾರ್ಗಸೂಚಿಯನ್ನೇ ಬದಲಿಸಿತು. ಆದ್ದರಿಂದ ಪಾಟ್ಸ್ ಎಂದೊಡನೆ ವ್ಯಾಯಾಮದ ಪಟ್ಟಿ ಕೈಗಿಡುವುದಕ್ಕಿಂತ ಮೊದಲು, "ಮೊನ್ನೆ ಕೆಲಸ ಮಾಡಿದ್ದಕ್ಕ ಇವತ್ತ ಮಲಗಬೇಕಾತೇನು?" ಎಂಬ ಪ್ರಶ್ನೆ ಕೇಳಲೇಬೇಕು. ಉತ್ತರ ಹೌದಾದರೆ ಶಕ್ತಿಯನ್ನು ಹಂಚಿ ಖರ್ಚು ಮಾಡುವುದನ್ನು ಕಲಿಸುವುದು ಮುಂದೆ ಬರುತ್ತದೆ, ವ್ಯಾಯಾಮ ಹಿಂದೆ ಸರಿಯುತ್ತದೆ.

ನಮ್ಮ ಕಡೆ ಫಿಸಿಯೋಥೆರಪಿ ಎಂದರೆ ಮೊಣಕಾಲು, ಸೊಂಟ, ಲಕ್ವ ಹೊಡೆದ ಕೈಕಾಲು. ಹೃದಯದ ಲಯಕ್ಕೂ ಫಿಸಿಯೋಥೆರಪಿಸ್ಟರಿಗೂ ಏನು ಸಂಬಂಧವೆಂದು ಜನ ಕೇಳುತ್ತಾರೆ. ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದೇ ಜನ ಕರೆಯುವ ಸರ್ಕಾರಿ ಆಸ್ಪತ್ರೆಯಿದೆ, ಧಾರವಾಡದ ಸತ್ತೂರಿನಲ್ಲಿ ಫಿಸಿಯೋಥೆರಪಿ ಕಾಲೇಜಿದೆ, ಗದಗ-ಹಾವೇರಿಗಳಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಬಂದಿವೆ. ಫಿಸಿಯೋಥೆರಪಿಸ್ಟ್, ಆಕ್ಯುಪೇಶನಲ್ ಥೆರಪಿಸ್ಟ್, ಆಹಾರತಜ್ಞ ಮೊದಲಾದವರ ವೃತ್ತಿಗಳಿಗೆ ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಆದದ್ದು 2021ರಲ್ಲಿ. ಆದರೂ ಆಕ್ಯುಪೇಶನಲ್ ಥೆರಪಿಸ್ಟ್ ಎಂಬ ಪದವೇ ನಮ್ಮ ಊರುಗಳಲ್ಲಿ ಅಪರಿಚಿತ. ಅವರು ಮಾಡುವ ಕೆಲಸವನ್ನು ಮಾತ್ರ ಯಾರಿಗಾದರೂ ವಿವರಿಸಬಹುದು. ಹಿಂದಿನ ಮನೆಯಲ್ಲಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದರು. ಗ್ಯಾಸ್ ಕಟ್ಟೆ ಬಂದ ಮೇಲೆ ಅದೇ ರೊಟ್ಟಿಗೆ ಒಂದು ತಾಸು ಬಿಸಿಯ ಮುಂದೆ ನಿಲ್ಲಬೇಕು. ಬಿಸಿ ರಕ್ತನಾಳವನ್ನು ಹಿಗ್ಗಿಸುತ್ತದೆ, ನಿಲ್ಲುವುದು ರಕ್ತವನ್ನು ಇಳಿಸುತ್ತದೆ. ಎರಡೂ ಒಟ್ಟಿಗೆ ಬಂದಾಗ ಹುಡುಗಿ ಕಟ್ಟೆಗೆ ಒರಗುತ್ತಾಳೆ. ಎತ್ತರದ ಸ್ಟೂಲು ಹಾಕಿಕೊಂಡು ಬಡಿಯುವುದು, ಎರಕೊಳ್ಳುವಾಗ ಮಣೆಯ ಮೇಲೆ ಕುಳಿತು ಉಗುರುಬೆಚ್ಚನೆಯ ನೀರು ಬಳಸುವುದು, ತಲೆ ಬಾಚಿಕೊಳ್ಳಲು ಕುಳಿತೇ ಕೈಯೆತ್ತುವುದು, ಮುಂಜಾನೆ ಎದ್ದೊಡನೆ ಕಸಬರಿಗೆ ಹಿಡಿಯದೆ ಹಾಸಿಗೆಯ ಅಂಚಿನಲ್ಲಿ ಎರಡು ನಿಮಿಷ ಕೂಡುವುದು, ಇವೆಲ್ಲ ಆ ವೃತ್ತಿಯ ಸಲಹೆಗಳೇ. ಸೊಸೆ ಸ್ಟೂಲ್ ಮೇಲೆ ಕುಳಿತು ಅಡುಗೆ ಮಾಡುವುದನ್ನು ಅತ್ತೆ ಒಪ್ಪುವಂತೆ ಹೇಳುವುದೂ ಚಿಕಿತ್ಸೆಯ ಭಾಗವೇ, ಯಾವ ಪಠ್ಯಕ್ರಮದಲ್ಲೂ ಅದಕ್ಕೆ ಅಂಕವಿಲ್ಲದಿದ್ದರೂ.

ಆಹಾರತಜ್ಞರ ಪಾಲಿಗೆ ನೀರು ಮತ್ತು ಉಪ್ಪು. ದಿನಕ್ಕೆ ಎರಡರಿಂದ ಮೂರು ಲೀಟರ್ ನೀರು, ವೈದ್ಯರು ಒಪ್ಪಿದರೆ ಸಾಮಾನ್ಯಕ್ಕಿಂತ ಹೆಚ್ಚು ಉಪ್ಪು. ಉಪ್ಪು ಹಾಕಿದ ಮಜ್ಜಿಗೆ ಎರಡನ್ನೂ ಒಟ್ಟಿಗೆ ಕೊಡುತ್ತದೆ. ಬಿಪಿ ಇರುವವರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಇದು ವಿಷವಾದೀತು, ಆದ್ದರಿಂದ ಕೇಳದೆ ಶುರು ಮಾಡುವಂತಿಲ್ಲ. ಹೊಟ್ಟೆ ತುಂಬ ಉಂಡರೆ ರಕ್ತ ಹೊಟ್ಟೆಯತ್ತ ಹೋಗುವುದರಿಂದ ದಿನದ ಆಹಾರವನ್ನು ನಾಲ್ಕೈದು ಸಣ್ಣ ಊಟಗಳಾಗಿ ಹಂಚಬೇಕು. ಪಾದದಿಂದ ಹೊಟ್ಟೆಯವರೆಗೆ ಬಿಗಿಯಾಗಿ ಒತ್ತುವ ಉಡುಪು ಬರೀ ಮೊಣಕಾಲವರೆಗಿನ ಕಾಲುಚೀಲಕ್ಕಿಂತ ಹೆಚ್ಚು ಉಪಯುಕ್ತ, ಆದರೆ ಏಪ್ರಿಲ್ ತಿಂಗಳ ಗದಗದ ಬಿಸಿಲಲ್ಲಿ ಅದನ್ನು ತೊಡುವವರು ಕಡಿಮೆ.

ಯಂತ್ರಗಳಿಲ್ಲವೆಂದು ವ್ಯಾಯಾಮ ನಿಲ್ಲಬೇಕಿಲ್ಲ. ಚಾಪೆಯ ಮೇಲೆ ಮಲಗಿ ಮಂಡಿ ಮಡಿಚಿ ಸೊಂಟ ಎತ್ತುವುದು, ಒಂದೊಂದೇ ಕಾಲು ಎತ್ತಿ ಹಿಡಿಯುವುದು, ರಬ್ಬರ್ ಪಟ್ಟಿ ಎಳೆಯುವುದು, ಕುರ್ಚಿಯಲ್ಲಿ ಒರಗಿ ನೆಲದ ಮೇಲಿನ ಪೆಡಲ್ ಯಂತ್ರ ತುಳಿಯುವುದು ಸಾಕು. ನಾಡಿಯನ್ನು ನಿಧಾನಗೊಳಿಸುವ ಪ್ರೊಪ್ರಾನೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ವ್ಯಾಯಾಮದ ಪ್ರಮಾಣವನ್ನು ನಾಡಿ ಲೆಕ್ಕದಿಂದ ಅಳೆಯಹೋದರೆ ಅದು ದಾರಿ ತಪ್ಪಿಸುತ್ತದೆ, ತಮಗೆ ಎಷ್ಟು ಕಷ್ಟವೆನಿಸುತ್ತಿದೆ ಎಂದು ಅವರೇ ಕೊಡುವ ಅಂಕಿಯೇ ಅಳತೆ. ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ಶಕ್ತಿ ಯೋಜನೆ ಟಿಕೆಟಿನ ಖರ್ಚು ಉಳಿಸಿದರೂ ಸೀಟಿನ ಭರವಸೆ ಕೊಡುವುದಿಲ್ಲ. ನಿಲ್ಲಲಾರದ ರೋಗಿ ನಿಂತು ಪ್ರಯಾಣಿಸಿ ವಾರಕ್ಕೆ ಮೂರು ಸಲ ಚಿಕಿತ್ಸೆಗೆ ಬರಬೇಕೆಂದರೆ ಆ ಪ್ರಯಾಣವೇ ದಿನದ ಶ್ರಮವನ್ನೆಲ್ಲ ತಿಂದುಹಾಕುತ್ತದೆ. ಮೊದಲೆರಡು ಭೇಟಿಯ ನಂತರ ಮನೆಯಲ್ಲೇ ಮಾಡಿಸಿ, ವಾರಕ್ಕೊಮ್ಮೆ ಫೋನಿನಲ್ಲಿ ಕೇಳಿ, ತಿಂಗಳಿಗೊಮ್ಮೆ ಕರೆಸುವುದೇ ಇಲ್ಲಿಗೆ ಹೊಂದುವ ದಾರಿ. ಬಸ್ಸಿನಲ್ಲಿ ನಿಲ್ಲಲೇಬೇಕಾದಾಗ ಕಾಲುಗಳನ್ನು ಕತ್ತರಿಯಂತೆ ಹೆಣೆದು ತೊಡೆ ಬಿಗಿಯುವುದು, ಮುಷ್ಟಿ ಹಿಡಿಯುವುದು ರಕ್ತವನ್ನು ಮೇಲೆ ತಳ್ಳುತ್ತದೆ.

ಇದೆಲ್ಲ ಶುರುವಾಗಬೇಕಾದರೆ ಯಾರಾದರೂ ಒಮ್ಮೆ ಅಳೆದಿರಬೇಕು. ಮಲಗಿದ ರೋಗಿಯನ್ನು ನಿಲುವಿಗೆ ಎತ್ತುವ ಟಿಲ್ಟ್ ಟೇಬಲ್ ಎಂಬ ಪರೀಕ್ಷಾ ಮೇಜು ಇಲ್ಲದ ಊರಿನಲ್ಲೂ ಐದು-ಹತ್ತು ನಿಮಿಷ ಮಲಗಿಸಿ ನಾಡಿ ಮತ್ತು ಬಿಪಿ ಬರೆದುಕೊಂಡು, ನಂತರ ಹಿಮ್ಮಡಿಯನ್ನು ಗೋಡೆಯಿಂದ ಸುಮಾರು ಅರ್ಧ ಅಡಿ ದೂರವಿಟ್ಟು ಬೆನ್ನನ್ನಷ್ಟೇ ಗೋಡೆಗೆ ಆನಿಸಿ ಹತ್ತು ನಿಮಿಷ ನಿಲ್ಲಿಸಿ, ನಿಮಿಷಕ್ಕೊಮ್ಮೆ ಮತ್ತೆ ಬರೆದುಕೊಳ್ಳಬಹುದು. ಬೀಳದಂತೆ ಹಿಡಿಯಲು ಒಬ್ಬರು ಪಕ್ಕದಲ್ಲಿರಬೇಕು. ಈಗ ಫಿಸಿಯೋಥೆರಪಿಸ್ಟರ ಕೈಗೆ ಬರುವ ಚೀಟಿಯಲ್ಲಿ ಸಾಮಾನ್ಯವಾಗಿ "ಜನರಲ್ ವೀಕ್ನೆಸ್" ಎಂದಷ್ಟೇ ಇರುತ್ತದೆ. ಅದರ ಕೆಳಗೆ ಮಲಗಿದಾಗಿನ ನಾಡಿ 74, ನಿಂತ ಹತ್ತನೇ ನಿಮಿಷಕ್ಕೆ 118 ಎಂಬಂಥ ಎರಡು ಅಂಕಿಗಳಿದ್ದರೆ, ಚಾಪೆ ಹಾಸಬೇಕೋ ಟ್ರೆಡ್‌ಮಿಲ್ ಹತ್ತಿಸಬೇಕೋ ಎಂಬುದು ಅವರಿಗೆ ಮೊದಲ ದಿನವೇ ತಿಳಿಯುತ್ತದೆ.