ಸಾರ್, ನನ್ ಹೆಸ್ರು ಪಿಎಫ್‌ಗೆ ಹಾಕ್ಬೇಡಿ

ಸಣ್ಣ ಫ್ಯಾಕ್ಟರಿ, ಹೋಟೆಲ್, ವರ್ಕ್‌ಶಾಪ್‌ಗಳಿಗೆ ಪಿಎಫ್ (ಕಾರ್ಮಿಕರ ಭವಿಷ್ಯನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಫೈಲಿಂಗ್ ಮಾಡಿಕೊಡೋದು ನನ್ನ ಕಸುಬು. ಪ್ರತಿ ತಿಂಗಳು 15ನೇ ತಾರೀಕಿನ ಒಳಗೆ ಚಲನ್ ಕಟ್ಟಿಸಬೇಕು, ಅವತ್ತೇ ಪೋರ್ಟಲ್ ಮುಷ್ಕರ ಹೂಡುತ್ತೆ, ಅದು ಬೇರೆ ಕಥೆ. ಈ ಗ್ಯಾರಂಟಿ ಸ್ಕೀಮ್‌ಗಳು ಬಂದ ಮೇಲೆ ಮಾಲೀಕರ ಬಾಯಲ್ಲಿ ಒಂದೇ ಮಾತು. "ಸರ್ಕಾರ ಮನೇಲಿ ಕೂತೋರಿಗೆಲ್ಲ ದುಡ್ಡು ಹಂಚಿ ಜನಾನ ಸೋಮಾರಿ ಮಾಡಿಬಿಡ್ತು, ಕೆಲಸಕ್ಕೆ ಒಬ್ರೂ ಸಿಕ್ತಿಲ್ಲ ಸಾರ್." ಹೀಗಂದ ಮನುಷ್ಯನೇ ಐದು ನಿಮಿಷ ಬಿಟ್ಟು, ಶೆಡ್ಡಲ್ಲಿ ಲೇಥ್ ಮುಂದೆ ನಿಂತಿರೋ ಹುಡುಗನ್ನ ತೋರಿಸಿ ಮೆಲ್ಲಗೆ ಹೇಳ್ತಾನೆ, "ಇವನ ಹೆಸ್ರು ರಿಜಿಸ್ಟರ್‌ಗೆ ಬೇಡ, ಯುವನಿಧಿ, ಅದೇ ನಿರುದ್ಯೋಗ ಭತ್ಯೆ, ಬರ್ತಿದೆಯಂತೆ, ಕಟ್ ಆಗುತ್ತೆ ಅಂತ ಅವನೇ ಬೇಡ ಅಂದಿದಾನೆ."

ಅಲ್ಲಾ ಸ್ವಾಮಿ, ಸೋಮಾರಿ ಆಗಿದ್ರೆ ಅವನು ನಿಮ್ಮ ಶೆಡ್ಡಲ್ಲಿ ಯಾಕೆ ನಿಂತಿದಾನೆ?

ಸರ್ಕಾರ ದುಡ್ಡು ಕೊಡಬೇಕಾ ಬೇಡ್ವಾ ಅಂತ ಟೀವಿಯಲ್ಲಿ ಕೂಗಾಡೋರು ಎರಡು ಬೇರೆ ಬೇರೆ ವಿಷಯಾನ ಕಲಸಿಬಿಡ್ತಾರೆ. ಕೆಲಸ ಇರ್ಲಿ ಇಲ್ದೇ ಇರ್ಲಿ ಕೊಡೋ ದುಡ್ಡು ಒಂದು. "ನಿನಗೆ ಕೆಲಸ ಇಲ್ಲ" ಅನ್ನೋ ಷರತ್ತಿನ ಮೇಲೆ ಕೊಡೋ ದುಡ್ಡು ಇನ್ನೊಂದು. ಗೃಹಲಕ್ಷ್ಮಿ ಮೊದಲನೇದು. ಮನೆ ಯಜಮಾನಿ ಗಾರ್ಮೆಂಟ್ಸಿಗೆ ಹೋಗ್ಲಿ ಬಿಡ್ಲಿ, 2,000 ರೂಪಾಯಿ ಅವಳದು. ಯುವನಿಧಿ ಎರಡನೇದು. 2022-23ರಿಂದ ಈಚೆಗೆ ಪಾಸಾಗಿ 180 ದಿನ ಕೆಲಸ ಸಿಗದೇ ಇದ್ರೆ ಡಿಗ್ರಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಅದೂ ಹೆಚ್ಚಂದ್ರೆ ಎರಡು ವರ್ಷ, ಕೆಲಸ ಸಿಕ್ಕಿದ ದಿನವೇ ಬಂದ್. ನನಗೆ ಕೆಲಸ ಇಲ್ಲ ಅಂತ ಸೇವಾಸಿಂಧುವಲ್ಲಿ ಕಾಲಕಾಲಕ್ಕೆ ಘೋಷಣೆ ಬೇರೆ ಕೊಡ್ತಿರಬೇಕು.

ಎರಡೂ ಗ್ಯಾರಂಟಿನೇ, ಎರಡೂ ಬ್ಯಾಂಕ್ ಅಕೌಂಟಿಗೇ ಬೀಳೋದು, ಆದ್ರೆ ಪಡೆಯೋರು ನಡ್ಕೊಳ್ಳೋ ರೀತಿ ಪೂರ್ತಿ ಬೇರೆ ಆಗುತ್ತೆ. ನಾನು ನೋಡಿದ ಮಟ್ಟಿಗೆ ಯುವನಿಧಿ ದುಡ್ಡು ನಂಬಿಕೊಂಡು ಮನೇಲಿ ಮಲಗಿದ ಹುಡುಗರು ಅಪರೂಪ. ಮೂರು ಸಾವಿರಕ್ಕೆ ಪಿಜಿ ಬಾಡಿಗೆಯೂ ಆಗಲ್ಲ. ಅವರು ಮಾಡೋದು ಏನು ಅಂದ್ರೆ ಕೆಲಸಕ್ಕೆ ಹೋಗ್ತಾರೆ, ಸರ್ಕಾರದ ಕಣ್ಣಿಗೆ ಬೀಳದ ಹಾಗೆ ಹೋಗ್ತಾರೆ. ಮಾಲೀಕನಿಗೂ ಅದೇ ಬೇಕು, ಅವನ ಪಾಲಿನ ದುಡ್ಡು ಉಳೀತಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಈಗ ಲೆಕ್ಕ. ಇದನ್ನ ಎಷ್ಟು ಜನಕ್ಕೆ ಹೇಳಿ ಗಂಟಲು ಒಣಗಿದೆಯೋ, ಇಲ್ಲಿ ನಿಧಾನಕ್ಕೆ ಬರೀತೀನಿ, ದಯವಿಟ್ಟು ಓದಿ.

ಡಿಪ್ಲೊಮಾ ಹುಡುಗ, ಸಂಬಳ 14,000 ಅಂತ ಇಟ್ಕೊಳ್ಳಿ, ಪೂರ್ತಿ ಸಂಬಳದ ಮೇಲೆ ಪಿಎಫ್. ಅವನ ಪಾಲು 12 ಪರ್ಸೆಂಟ್ ಅಂದ್ರೆ 1,680, ಇಎಸ್‌ಐ 0.75 ಪರ್ಸೆಂಟ್ ಅಂದ್ರೆ 105, ಕೈಗೆ ಸಿಗೋದು 12,215. ಹೆಸ್ರು ಹಾಕಿಸ್ದೇ ಇದ್ರೆ 14,000 ಪೂರ್ತಿ, ಮೇಲೆ ಯುವನಿಧಿ 1,500, ಒಟ್ಟು 15,500. ಹುಡುಗ ಇಷ್ಟಕ್ಕೇ ಲೆಕ್ಕ ನಿಲ್ಲಿಸ್ತಾನೆ. ತಿಂಗಳಿಗೆ ಮೂರು ಸಾವಿರದ ಚಿಲ್ಲರೆ ಲಾಭ ಅಂತ ಖುಷಿ.

ಇನ್ನು ಎರಡು ಸಾಲು ಮುಂದೆ ಬಾ ಮಾರಾಯ. ಕಟ್ ಆದ 1,680 ಎಲ್ಲೂ ಹೋಗಿಲ್ಲ, ನಿನ್ನ ಹೆಸರಲ್ಲೇ ಬಡ್ಡಿ ಸಮೇತ ಇರುತ್ತೆ. ಅದರ ಜೊತೆ ಮಾಲೀಕ ತನ್ನ ಜೇಬಿಂದ ಇನ್ನೊಂದು 1,680 ಹಾಕ್ಬೇಕು, ಅದ್ರಲ್ಲಿ ದೊಡ್ಡ ಪಾಲು ಪೆನ್ಷನ್ ಫಂಡಿಗೆ, ಉಳಿದಿದ್ದು ನಿನ್ನ ಪಿಎಫ್‌ಗೆ. ಇಎಸ್‌ಐಗೆ ಅವನ ಪಾಲು 3.25 ಪರ್ಸೆಂಟ್, 455 ರೂಪಾಯಿ. ಅಂದ್ರೆ 14,000ದ ಕೆಲಸ ಪುಸ್ತಕದಲ್ಲಿ ಬಂದ್ರೆ ಅದರ ಬೆಲೆ 16,135. ಸರ್ಕಾರದ 1,500 ಉಳಿಸಿಕೊಳ್ಳೋಕೆ ಹೋಗಿ ಮಾಲೀಕ ಕೊಡಬೇಕಾದ 2,135 ಬಿಟ್ಟುಕೊಡ್ತಿದೀಯ. ಯುವನಿಧಿ ಎರಡು ವರ್ಷಕ್ಕೆ ಮುಗಿಯುತ್ತೆ, ಮಾಲೀಕನಿಗೆ ಮಾತ್ರ "ಇವನಿಗೆ ಪಿಎಫ್ ಕಟ್ಟೋ ಹಾಗಿಲ್ಲ" ಅನ್ನೋ ಅಭ್ಯಾಸ ಆಮೇಲೂ ಹೋಗಲ್ಲ.

ಡಿಗ್ರಿ ಹುಡುಗರಿಗೆ ಈ ಲೆಕ್ಕ ಇಷ್ಟು ಸಲೀಸಲ್ಲ, ಸುಳ್ಳು ಯಾಕೆ ಹೇಳ್ಲಿ. 15,000 ಸಂಬಳಕ್ಕೆ ಮಾಲೀಕನ ಪಿಎಫ್, ಇಎಸ್‌ಐ ಪಾಲು ಸೇರಿದ್ರೂ 2,300ರ ಆಸುಪಾಸು, ಕಳ್ಕೊಳ್ಳೋದು 3,000. ಆಸ್ಪತ್ರೆ, ಇನ್ಶೂರೆನ್ಸ್, ಪೆನ್ಷನ್ ಅಂತ ನಾನು ಎಷ್ಟೇ ಹೇಳಿದ್ರೂ ಇಪ್ಪತ್ತೆರಡು ವರ್ಷದವನ ಕಿವಿಗೆ ಅದು ಬೀಳಲ್ಲ. ನನಗೆ ಅವನ ಮೇಲೆ ಸಿಟ್ಟೂ ಇಲ್ಲ. ಹದಿನೈದು ಸಾವಿರದ ಕೆಲಸ ಒಪ್ಕೊಂಡ ತಕ್ಷಣ ಮೂರು ಸಾವಿರ ಕಿತ್ಕೋತೀವಿ ಅಂದ್ರೆ ಸಂಬಳದ ಮೇಲೆ 20 ಪರ್ಸೆಂಟ್ ತೆರಿಗೆ ಹಾಕಿದ ಹಾಗೇ ಅಲ್ವಾ? ಅಷ್ಟು ಸಂಬಳಕ್ಕೆ ಇನ್ಕಮ್ ಟ್ಯಾಕ್ಸ್ ಸೊನ್ನೆ. ಹಾಗಂತ ಸುಳ್ಳು ಘೋಷಣೆ ಕೊಡಿ ಅಂತ ನಾನು ಹೇಳ್ತಿಲ್ಲ, ಖಂಡಿತ ಕೊಡಬೇಡಿ. ಆಧಾರ್ ಎಲ್ಲಾ ಕಡೆ ಲಿಂಕ್ ಆಗಿರೋ ಕಾಲ ಇದು, ಕೇಸಾದ್ರೆ ನಿಮ್ಮ ಪರವಾಗಿ ನಾನು ಬರಲ್ಲ.

ತಮಾಷೆ ನೋಡಿ, ಕೇಂದ್ರದ ಸ್ಕೀಮ್ ಇದಕ್ಕೆ ಸರಿಯಾಗಿ ಉಲ್ಟಾ. ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ಅಂತ 2025ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಮೊದಲ ಸಲ ಪಿಎಫ್‌ಗೆ ಸೇರೋರಿಗೆ ಒಂದು ತಿಂಗಳ ಸಂಬಳದಷ್ಟು, ಹೆಚ್ಚಂದ್ರೆ 15,000, ಎರಡು ಕಂತಲ್ಲಿ ಕೊಡ್ತಾರೆ. ಆರು ತಿಂಗಳು ಕೆಲಸದಲ್ಲಿ ಉಳಿದ್ರೆ ಒಂದು ಕಂತು, ಹನ್ನೆರಡು ತಿಂಗಳಾದ ಮೇಲೆ ಇನ್ನೊಂದು. ಹೊಸಬರನ್ನ ಸೇರಿಸಿಕೊಂಡ ಮಾಲೀಕನಿಗೂ ತಲೆಗೆ ತಿಂಗಳಿಗೆ 3,000ದವರೆಗೆ ಪ್ರೋತ್ಸಾಹಧನ, ಷರತ್ತುಗಳಿವೆ. ಬೆಂಗಳೂರಿನ ಸರ್ಕಾರ ಪಿಎಫ್ ಪಟ್ಟಿಯಿಂದ ಹೊರಗಿದ್ರೆ ದುಡ್ಡು ಅನ್ನುತ್ತೆ, ದಿಲ್ಲಿ ಸರ್ಕಾರ ಒಳಗೆ ಬಂದ್ರೆ ದುಡ್ಡು ಅನ್ನುತ್ತೆ, ಹುಡುಗ ಬಾಗಿಲಲ್ಲಿ ನಿಂತಿದಾನೆ. ಯಾವ ಪಕ್ಷ ಅಂತ ನನ್ನ ಕೇಳ್ಬೇಡಿ, ನನಗೆ ಎರಡೂ ಕಡೆಯ ಕ್ಲೈಂಟ್ ಇದಾರೆ.

ಹೆಣ್ಣುಮಕ್ಕಳ ಭಯ ಇನ್ನೊಂದು ಥರ. "ಪಿಎಫ್ ಕಟ್ ಆದ್ರೆ ಗೃಹಲಕ್ಷ್ಮಿ ನಿಲ್ಲುತ್ತಾ ಸಾರ್?" ನಿಲ್ಲಲ್ಲ ತಾಯಿ. ನೀವೋ ನಿಮ್ಮ ಗಂಡನೋ ಇನ್ಕಮ್ ಟ್ಯಾಕ್ಸ್ ಕಟ್ಟೋರಾಗಿದ್ರೆ, ಜಿಎಸ್‌ಟಿ ರಿಟರ್ನ್ ಹಾಕೋರಾಗಿದ್ರೆ ಮಾತ್ರ ತೊಂದರೆ. ಪಿಎಫ್ ಟ್ಯಾಕ್ಸ್ ಅಲ್ಲ, ಇಎಸ್‌ಐ ಟ್ಯಾಕ್ಸ್ ಅಲ್ಲ. ಬಿಪಿಎಲ್ ಕಾರ್ಡಿನ ಭಯ ಮಾತ್ರ ನಿಜವಾದ ಭಯ, ಯಾಕಂದ್ರೆ ವರ್ಷಕ್ಕೆ 1.20 ಲಕ್ಷ ಅನ್ನೋ ಮಿತಿ ತಿಂಗಳಿಗೆ ಹತ್ತು ಸಾವಿರಕ್ಕೆ ಬಂತು, ನಿಯತ್ತಾಗಿ ಮಿನಿಮಮ್ ವೇಜ್ ಕೊಟ್ರೇ ಅದನ್ನ ದಾಟುತ್ತೆ. 2024ರ ನವೆಂಬರ್‌ನಲ್ಲಿ ಕಾರ್ಡುಗಳು ರದ್ದಾಗಿ ಗಲಾಟೆ ಆಗಿದ್ದು, ಆಮೇಲೆ ಸರ್ಕಾರಿ ನೌಕರರು, ತೆರಿಗೆದಾರರನ್ನ ಬಿಟ್ಟು ಉಳಿದವರದ್ದು ವಾಪಸ್ ಕೊಡಿ ಅಂತ ಸರ್ಕಾರವೇ ಹೇಳಿದ್ದು ನೆನಪಿರಬಹುದು. ಆದ್ರೂ ಒಂದು ಸಮಾಧಾನ ಇದೆ, ಕಾರ್ಡು ಎಪಿಎಲ್ ಆದ್ರೂ ಗೃಹಲಕ್ಷ್ಮಿಗೆ ಅರ್ಹತೆ ಇದೆ, ಹೋಗೋದು ಅಕ್ಕಿ.

ಈ ಗಾರ್ಮೆಂಟ್ ಹೆಣ್ಣುಮಕ್ಕಳ ಬಗ್ಗೆ ನನಗೆ ಒಂಥರಾ ಅಭಿಮಾನ. ಕೆಲಸ ಇಲ್ಲದ ಕಾಲಕ್ಕೆ ದುಡ್ಡು ಅಂದ್ರೆ ಏನು ಅಂತ ಟೀವಿ ಪಂಡಿತರಿಗಿಂತ ಚೆನ್ನಾಗಿ ಅವರಿಗೆ ಗೊತ್ತು. 2016ರಲ್ಲಿ ಕೇಂದ್ರ ಸರ್ಕಾರ ಮಾಲೀಕರ ಪಾಲಿನ ಪಿಎಫ್ ದುಡ್ಡನ್ನ 58 ವರ್ಷ ಆಗೋವರೆಗೂ ತೆಗೆಯೋ ಹಾಗಿಲ್ಲ ಅಂತ ರೂಲ್ ಮಾಡಿತ್ತಲ್ಲ, ಏಪ್ರಿಲ್‌ನಲ್ಲಿ ಹೊಸೂರು ರಸ್ತೆ, ತುಮಕೂರು ರಸ್ತೆಗೆ ಸಾವಿರಾರು ಹೆಂಗಸರು ಇಳಿದುಬಿಟ್ರು. ಎರಡನೇ ದಿನಕ್ಕೆ ರೂಲ್ ವಾಪಸ್. ಅವತ್ತು ಆಫೀಸಲ್ಲಿ ಕೂತು "ಅಯ್ಯೋ ರಿಟೈರ್ಮೆಂಟ್ ದುಡ್ಡನ್ನ ಈಗಲೇ ತಿಂದುಬಿಡ್ತಾರೆ" ಅಂದೋರು ಬಹಳ ಜನ. ಲೈನಲ್ಲಿ ಸೂಪರ್‌ವೈಸರ್ ಬೈದ ಅಂತ ಕೆಲಸ ಬಿಟ್ಟವಳಿಗೆ, ಹೆರಿಗೆಗೆ ಊರಿಗೆ ಹೋದವಳಿಗೆ, ಮುಂದಿನ ಕೆಲಸ ಸಿಗೋವರೆಗೂ ಮನೆ ನಡೆಸೋದು ಆ ಪಿಎಫ್ ದುಡ್ಡೇ ಅನ್ನೋದು ಅವರಿಗೆ ಹೊಳೀಲಿಲ್ಲ.

ಹಾಗಾದ್ರೆ ಸರ್ಕಾರ ಕೊಡಬೇಕಾ? ನಾನು ಅರ್ಥಶಾಸ್ತ್ರಜ್ಞ ಅಲ್ಲ, ಐದು ಗ್ಯಾರಂಟಿಗೆ 2024-25ರ ಬಜೆಟ್ಟಲ್ಲಿ 52,000 ಕೋಟಿ ಇಟ್ಟಿದ್ರು, ಅಷ್ಟನ್ನ ರಾಜ್ಯ ಎಷ್ಟು ವರ್ಷ ತಾಳುತ್ತೆ ಅನ್ನೋದನ್ನ ತಿಳಿದೋರು ಹೇಳ್ಲಿ. ಕೊಡೋದಾದ್ರೆ "ಕೆಲಸ ಇಲ್ಲ ಅಂತ ಬರ್ಕೊಡು" ಅನ್ನೋ ಷರತ್ತು ತೆಗೀರಿ, ಇಷ್ಟೇ ನನ್ನ ವಾದ. ಫಿನ್‌ಲೆಂಡಲ್ಲಿ 2017, 2018 ಎರಡು ವರ್ಷ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೋ ಕೊಟ್ಟು ನೋಡಿದ್ರು, ಕೆಲಸ ಸಿಕ್ಕಿದ್ರೂ ದುಡ್ಡು ನಿಲ್ಲಿಸ್ಲಿಲ್ಲ. ದುಡ್ಡು ಬಂತು ಅಂತ ಕೆಲಸ ಮಾಡೋದು ಕಮ್ಮಿ ಆಗ್ಲಿಲ್ಲ, ಉಳಿದ ನಿರುದ್ಯೋಗಿಗಳಿಗಿಂತ ಇವರು ಕೆಲಸ ಮಾಡಿದ ದಿನಗಳು ಒಂಚೂರು ಜಾಸ್ತಿನೇ ಇದ್ವು, ತೀರಾ ಒಂಚೂರು, ಮನಸ್ಸಿನ ನೆಮ್ಮದಿ ಮಾತ್ರ ಚೆನ್ನಾಗಿತ್ತು. ಅವರ ದೇಶ ಬೇರೆ, ನಮ್ಮದು ಬೇರೆ, ಒಪ್ತೀನಿ. ಆದ್ರೂ ಕೆಲಸ ಸಿಕ್ಕಿದ ಮೇಲೂ ಒಂದು ಆರು ತಿಂಗಳು ಯುವನಿಧಿ ಮುಂದುವರಿಸಿ, ಆಮೇಲೆ ಅರ್ಧ ಮಾಡಿ, ಆಮೇಲೆ ನಿಲ್ಸಿ ಅಂದ್ರೆ ಆಕಾಶ ಕಳಚಿ ಬೀಳಲ್ಲ. ಹುಡುಗರು ತಾವಾಗೇ ಬಂದು ಹೆಸ್ರು ಬರೆಸ್ತಾರೆ.

ಕೊನೇದಾಗಿ, ಯಾರೂ ಕೇಳದೇ ಇರೋದು. ಕೆಲಸ ಹೋದವರಿಗೆ ದುಡ್ಡು ಕೊಡೋ ಸ್ಕೀಮ್ ಇಎಸ್‌ಐ ಒಳಗೇ ಇದೆ, ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. 2018ರಲ್ಲಿ ಶುರುವಾದಾಗ ದಿನದ ಸರಾಸರಿ ಸಂಬಳದ ಕಾಲು ಭಾಗ ಕೊಡ್ತಿದ್ರು, ಕೊರೊನಾ ಟೈಮಲ್ಲಿ ಅರ್ಧ ಮಾಡಿದ್ರು, 90 ದಿನದವರೆಗೆ. ಆಗ ನನ್ನ ಹತ್ರ ಬಂದೋರಲ್ಲಿ ಕಾರ್ಡ್ ಇದ್ದು ಕಾಂಟ್ರಿಬ್ಯೂಷನ್ ಸರಿ ಇದ್ದೋರಿಗೆ ಅರ್ಜಿ ಹಾಕ್ಸಿದೆ. ಹೆಸರೇ ಇಲ್ಲದೆ ಐದಾರು ವರ್ಷ ದುಡಿದೋರಿಗೆ ಹಾಕ್ಸೋಕೆ ಅರ್ಜಿಯೇ ಇರಲಿಲ್ಲ, ಬಂದ ದಾರೀಲೇ ವಾಪಸ್ ಹೋದ್ರು. ಈ ಸ್ಕೀಮನ್ನ ಕಂತು ಕಂತಾಗಿ ವಿಸ್ತರಿಸ್ತಾ ಬಂದಿದಾರೆ, ಹಾಗಾಗಿ ಕ್ಲೇಮ್ ಹಾಕೋ ಮುಂಚೆ ಚಾಲ್ತಿಯಲ್ಲಿದೆಯಾ ಅಂತ ಇಎಸ್‌ಐ ಬ್ರಾಂಚ್ ಆಫೀಸಲ್ಲಿ ವಿಚಾರಿಸಿ. ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಎರಡರಲ್ಲೂ ಹೆಸ್ರು ಒಂದೇ ಥರ ಇರ್ಲಿ, ಒಂದ್ರಲ್ಲಿ ಮಂಜುನಾಥ, ಇನ್ನೊಂದ್ರಲ್ಲಿ ಮಂಜುನಾಥ್ ಹೆಚ್ ಅಂತಿದ್ರೆ ಮೊದಲು ಅದನ್ನ ಸರಿ ಮಾಡಿಸ್ಕೊಂಡು ಬನ್ನಿ.